ಶಾಲೆ ಮುಚ್ಚುವ ಪ್ಲೇನೋ, ಶಾಲೆ ಸಾಲದ ಸೆಲೈನಾ: ಟೆಕ್ಸಸ್‌ನ ಎರೆಮಣ್ಣಿನ ಊರುಗಳಲ್ಲಿ ಏನಾಗುತ್ತಿದೆ?

ಒಂದೇ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ದಕ್ಷಿಣದ ತುದಿಯಲ್ಲಿರುವ ಪ್ಲೇನೋ ಶಾಲಾ ಜಿಲ್ಲೆ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಪ್ರತ್ಯೇಕ ಸಂಸ್ಥೆ) 2025ರ ಬೇಸಿಗೆಗೆ ನಾಲ್ಕು ಶಾಲೆಗಳ ಬಾಗಿಲು ಹಾಕಿತು. ಅಲ್ಲಿಂದ ಉತ್ತರಕ್ಕೆ ಅರ್ಧ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಿಗುವ ಸೆಲೈನಾದಲ್ಲಿ ಕಟ್ಟಿದಷ್ಟೂ ಶಾಲೆ ಸಾಲುತ್ತಿಲ್ಲ. ಪೂರ್ವಕ್ಕಿರುವ ಪ್ರಿನ್ಸ್‌ಟನ್ 2024ರ ಸೆಪ್ಟೆಂಬರಿನಲ್ಲಿ ಹೊಸ ಬಡಾವಣೆಗಳಿಗೆ ಅನುಮತಿ ಕೊಡುವುದನ್ನೇ ನಿಲ್ಲಿಸಿತು. ನೀರು, ಒಳಚರಂಡಿ, ರಸ್ತೆ, ಪೊಲೀಸು ಯಾವುದೂ ಸಾಕಾಗ್ತಿಲ್ಲ, ಸ್ವಲ್ಪ ಉಸಿರಾಡೋಕೆ ಬಿಡಿ ಅಂತ. ವಿಚಿತ್ರ ಅಂದರೆ, ಅದೇ ಪ್ರಿನ್ಸ್‌ಟನ್ ಆ ವರ್ಷ ಇಡೀ ಅಮೆರಿಕದಲ್ಲೇ, 20,000ಕ್ಕಿಂತ ಜಾಸ್ತಿ ಜನರಿರುವ ಊರುಗಳ ಪೈಕಿ, ಎಲ್ಲಕ್ಕಿಂತ ವೇಗವಾಗಿ ಬೆಳೆದ ಊರು. ಅದರ ಹಿಂದಿನ ವರ್ಷ ಆ ಪಟ್ಟ ಸೆಲೈನಾದ್ದಾಗಿತ್ತು.

ನಾನು ಹೇಳುತ್ತಿರುವುದು ಡಲ್ಲಾಸ್‌ನ ಉತ್ತರಕ್ಕಿರುವ ಕಾಲಿನ್ ಕೌಂಟಿಯ ಬಗ್ಗೆ. ಪ್ಲೇನೋ, ಆಲೆನ್, ಮೆಕಿನ್ನಿ, ಫ್ರಿಸ್ಕೋ, ಅವುಗಳ ಮೇಲೆ ಪ್ರಾಸ್ಪರ್, ಸೆಲೈನಾ. ಎಲ್ಲ ಒಂದಕ್ಕೊಂದು ಅಂಟಿಕೊಂಡ ಊರುಗಳು. ಬೋರ್ಡು ನೋಡದಿದ್ದರೆ ಒಂದು ಮುಗಿದು ಇನ್ನೊಂದು ಶುರುವಾದದ್ದೇ ಗೊತ್ತಾಗುವುದಿಲ್ಲ. ನಮ್ಮ ಕಡೆಯವರು ಯಾರಾದರೂ "ಡಲ್ಲಾಸ್‌ನಲ್ಲಿದ್ದೀವಿ" ಅಂದರೆ, ಎಷ್ಟೋ ಸಲ ಅವರು ನಿಜವಾಗಿ ಇರುವುದು ಈ ಊರುಗಳಲ್ಲೇ. ಹಾಗಾಗಿ ಇಲ್ಲಿ ನಡೆಯುತ್ತಿರುವುದು ನಮ್ಮವರಿಗೂ ಸಂಬಂಧಪಟ್ಟ ವಿಷಯ. ಮನೆ ಕೊಂಡವರಿಗಂತೂ ತುಂಬಾ ಸಂಬಂಧಪಟ್ಟದ್ದು.

ನನ್ನ ವಾದ ಇಷ್ಟೇ. ಈ ಊರುಗಳಿಗೆ ಮಣ್ಣು ಒಂದೇ, ನೀರು ಒಂದೇ, ರಸ್ತೆ ಒಂದೇ. ಆದರೆ ತಿಜೋರಿ ಮಾತ್ರ ಬೇರೆ ಬೇರೆ. ಯಾವುದನ್ನು ಇವು ಸೇರಿ ಮಾಡಿದವೋ ಅದು ಜಗಳವಾಡುತ್ತಲೇ ಆದರೂ ನಿಂತಿದೆ. ಯಾವುದನ್ನು ತಮ್ಮ ಪಾಡಿಗೆ ತಾವು ಮಾಡಿದವೋ ಅದು ಈಗ ಒಂದೊಂದಾಗಿ ಬಿರುಕು ಬಿಡುತ್ತಿದೆ.

ಮಣ್ಣಿನಿಂದಲೇ ಶುರು ಮಾಡೋಣ. ಇದು ಬ್ಲ್ಯಾಕ್‌ಲ್ಯಾಂಡ್ ಪ್ರೇರಿ. ಒಂದು ಕಾಲಕ್ಕೆ ಆಳೆತ್ತರದ ಹುಲ್ಲು ಬೆಳೆಯುತ್ತಿದ್ದ, ಹಳ್ಳದ ದಂಡೆ ಬಿಟ್ಟರೆ ಮರವೇ ಇಲ್ಲದ ಬಯಲು. ಕೆಳಗಿರುವುದು ಕಪ್ಪು ಜಿಗುಟು ಮಣ್ಣು. ಗದಗ, ಧಾರವಾಡ, ರಾಯಚೂರು ಕಡೆಯವರು ಬಂದು ನೋಡಿದರೆ ಥಟ್ಟನೆ ಗುರುತು ಹಿಡಿಯುತ್ತಾರೆ, ಇದು ನಮ್ಮ ಎರೆಮಣ್ಣೇ ಅಲ್ವಾ ಅಂತ. ಹೌದು, ಎರಡೂ ಒಂದೇ ಜಾತಿಯ ಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಹತ್ತಿಗೆ ಹೇಳಿ ಮಾಡಿಸಿದ್ದು. ಮನೆ ಕಟ್ಟುವವರಿಗೆ ತಲೆನೋವು. ಜುಲೈ, ಆಗಸ್ಟಿನಲ್ಲಿ ಇಲ್ಲಿನ ಯಾವ ಬಡಾವಣೆಗೆ ಹೋದರೂ, ಗೋಡೆಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿದ್ದಿರುವುದು ಕಾಣುತ್ತದೆ. ಅದಕ್ಕೇ ಜನ ಮನೆ ಸುತ್ತ ಮೈತುಂಬ ತೂತಿರುವ ಪೈಪು ಹಾಸಿ ಅಡಿಪಾಯಕ್ಕೆ ನೀರು ಬಿಡುತ್ತಾರೆ. ಬಿಡದಿದ್ದರೆ ಮಣ್ಣು ಕುಗ್ಗಿ, ಒಂದು ಮೂಲೆ ಇಳಿದು, ಬಾಗಿಲ ಮೇಲೆ ಓರೆಯಾಗಿ ಬಿರುಕು ಮೂಡಿ, ಬಾಗಿಲು ಚಿಲಕಕ್ಕೇ ಕೂರದ ಹಾಗೆ ಆಗುತ್ತದೆ. ಗಿಡಕ್ಕೆ ನೀರು ಹಾಕೋದು ಗೊತ್ತಿತ್ತು, ಮನೆಗೂ ನೀರು ಹಾಕಬೇಕು ಅನ್ನೋದು ಇಲ್ಲಿಗೆ ಬಂದ ಹೊಸಬರು ಮೊದಲು ಕಲಿಯುವ ಪಾಠ. ಮುಂದೆ ಬರುವ ನೀರಿನ ಕಥೆಗೆ ಇದೂ ಒಂದು ಕಾರಣ, ನೆನಪಿಟ್ಟುಕೊಳ್ಳಿ.

ಈ ಬಯಲಿನಲ್ಲಿ ಮೊದಲು ಇದ್ದವರು, ಓಡಾಡಿದವರು ಕ್ಯಾಡೋ, ಕೊಮಾಂಚಿ ಮುಂತಾದ ಮೂಲನಿವಾಸಿಗಳು. 1841ರಲ್ಲಿ ಆಗಿನ ಟೆಕ್ಸಸ್ ಗಣರಾಜ್ಯ ಪೀಟರ್ಸ್ ಕಾಲೊನಿ ಎಂಬ ಯೋಜನೆಗೆ ಇಲ್ಲಿನ ನೆಲ ಕೊಟ್ಟಿತು. ಸಂಸಾರಸ್ಥನಿಗೆ 640 ಎಕರೆ, ಒಂಟಿ ಗಂಡಸಿಗೆ 320 ಎಕರೆ. ಕೆಂಟಕಿ, ಟೆನೆಸೀ ಕಡೆಯಿಂದ ಜನ ಬಂದರು. ಕೆಲವರು ಗುಲಾಮರನ್ನೂ ಕರೆತಂದರು. 1846ರಲ್ಲಿ ಕಾಲಿನ್ ಕೌಂಟಿ ಆಯಿತು, ಎರಡು ವರ್ಷ ಬಿಟ್ಟು ಮೆಕಿನ್ನಿ ಅದರ ಮುಖ್ಯ ಊರಾಯಿತು. ಕೌಂಟಿಗೂ ಊರಿಗೂ ಒಬ್ಬನದೇ ಹೆಸರು, ಟೆಕ್ಸಸ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಕಾಲಿನ್ ಮೆಕಿನ್ನಿ.

ಇಲ್ಲೊಂದು ಅಡ್ಡಮಾತು. ಇಲ್ಲಿ ಆ ಜನ ಬಂದಿಳಿಯುತ್ತಿದ್ದ 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೀಜ ತರಿಸಿ ಧಾರವಾಡದ ಎರೆ ಹೊಲಗಳಲ್ಲಿ ಬಿತ್ತಿಸುತ್ತಿತ್ತು. ಅದೇ ಮುಂದೆ ಧಾರವಾಡ ಅಮೆರಿಕನ್ ಅನ್ನೋ ಹತ್ತಿಯಾಗಿ ಹೆಸರು ಮಾಡಿತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ನಮ್ಮ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಎರೆ ಭೂಮಿ ಎರಡೂ ಕಡೆ ಒಂದೇ ಸಂತೆಯ ಹಗ್ಗಕ್ಕೆ ಕಟ್ಟಿಹೋಗಿತ್ತು.

ಕಾಲಿನ್ ಕೌಂಟಿಯ ಕಷ್ಟ ಬೆಳೆಯೋದರಲ್ಲಿ ಇರಲಿಲ್ಲ, ಸಾಗಿಸೋದರಲ್ಲಿತ್ತು. ದೋಣಿ ಓಡುವಂಥ ನದಿ ಇಲ್ಲ. ಮಳೆಗಾಲದಲ್ಲಿ ಗಾಡಿ ಎರೆಮಣ್ಣಿನಲ್ಲಿ ಅಚ್ಚಿನ ತನಕ ಹೂತುಹೋಗುತ್ತಿತ್ತು. 1872ರಲ್ಲಿ ಹ್ಯೂಸ್ಟನ್ ಆಂಡ್ ಟೆಕ್ಸಸ್ ಸೆಂಟ್ರಲ್ ರೈಲು ಬಂತು, ಕಥೆ ಬದಲಾಯಿತು. ಪ್ಲೇನೋ ಮರುವರ್ಷವೇ ಪುರಸಭೆಯಾಯಿತು. ಆಲೆನ್ ಹುಟ್ಟಿದ್ದೇ ರೈಲ್ವೆ ಸ್ಟೇಷನ್ನಾಗಿ. ಫ್ರಿಸ್ಕೋದ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ದಿಬ್ಬದ ಮೇಲೆ ಲೆಬನಾನ್ ಎಂಬ ಹಳೇ ಊರಿತ್ತು. ಪ್ರೆಸ್ಟನ್ ರಸ್ತೆಯಲ್ಲಿ ದನ ಹೊಡೆದುಕೊಂಡು ಹೋಗುವವರ ಕಾಲದಿಂದಲೂ ಇದ್ದದ್ದು. 1902ರಲ್ಲಿ ಸೇಂಟ್ ಲೂಯಿಸ್–ಸ್ಯಾನ್ ಫ್ರಾನ್ಸಿಸ್ಕೋ ರೈಲು ಬಂದಾಗ, ಉಗಿ ಎಂಜಿನ್ನಿಗೆ ನೀರು ತುಂಬಿಸಲು ತಗ್ಗಿನ ಜಾಗವೇ ಅನುಕೂಲ ಅಂತ ಹಳಿಯನ್ನು ಪಶ್ಚಿಮಕ್ಕೆ, ಸುಮಾರು ನಾಲ್ಕು ಮೈಲಿ ಆಚೆ ಹಾಕಿದರು. ಲೆಬನಾನ್‌ನವರು ಏನು ಮಾಡಿದರು ಗೊತ್ತಾ? ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ತಮ್ಮ ಮನೆಗಳನ್ನೇ ಹಳಿಯ ಹತ್ತಿರಕ್ಕೆ ಎಳೆದುಕೊಂಡು ಹೋದರು. ರೈಲಿನ ಹೆಸರೇ ಹೊಸ ಊರಿನ ಹೆಸರಾಯಿತು. ಹಳೇ ಊರು ಹೋಯಿತು.

ದಾರಿ ಎಲ್ಲಿ ಬರುತ್ತದೋ ಊರು ಅಲ್ಲಿಗೆ ಹೋಗುತ್ತದೆ. ಅಂದಿನಿಂದ ಇಂದಿನವರೆಗೆ ಈ ಕೌಂಟಿಯಲ್ಲಿ ಇದು ಬದಲಾಗಿಲ್ಲ.

1908ರಿಂದ 1948ರವರೆಗೆ ಡಲ್ಲಾಸ್‌ನಿಂದ ಪ್ಲೇನೋ, ಆಲೆನ್, ಮೆಕಿನ್ನಿ ದಾಟಿ ಡೆನಿಸನ್‌ವರೆಗೆ ವಿದ್ಯುತ್ ರೈಲು ಓಡುತ್ತಿತ್ತು. ಇವತ್ತು ಮೆಕಿನ್ನಿಯಿಂದ ಡಲ್ಲಾಸ್‌ಗೆ ರೈಲಿಲ್ಲ, ನೂರು ವರ್ಷದ ಹಿಂದೆ ಇತ್ತು! ಪ್ಲೇನೋದ ಹಳೇ ಸ್ಟೇಷನ್ ಈಗ ಮ್ಯೂಸಿಯಂ. ಹತ್ತಿಯ ಕಾಲವೂ ಮುಗಿಯಿತು. ಕೌಂಟಿಯಲ್ಲಿ 1900ರಲ್ಲಿ ಸುಮಾರು 50,000 ಜನ ಇದ್ದರು, 1960ಕ್ಕೆ ಸುಮಾರು 41,000. ಅರವತ್ತು ವರ್ಷ ಈ ಊರುಗಳು ಬೆಳೆಯುವುದಿರಲಿ, ಕರಗುತ್ತಾ ಬಂದವು. ಈಗಿನ ಅಬ್ಬರ ನೋಡಿದವರು ಇದನ್ನು ನಂಬುವುದೇ ಇಲ್ಲ.

ಆಮೇಲೆ ಬಂದದ್ದು ಹೆದ್ದಾರಿ. ಡಲ್ಲಾಸ್‌ನಿಂದ ನೇರ ಉತ್ತರಕ್ಕೆ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ, ಅದರ ಬದಿಯಲ್ಲಿ, ಪ್ಲೇನೋ ಪಕ್ಕದ ರಿಚರ್ಡ್‌ಸನ್ ಊರಿನ ಎಲೆಕ್ಟ್ರಾನಿಕ್ಸ್, ಟೆಲಿಕಾಂ ಕಂಪನಿಗಳು. 1974ರಲ್ಲಿ ದೊಡ್ಡ ವಿಮಾನ ನಿಲ್ದಾಣ. ಇನ್ನೊಂದು ಕಾರಣವನ್ನು ಇಲ್ಲಿನ ಊರಿನ ಇತಿಹಾಸ ಹೇಳುವವರು ಮೆಲ್ಲಗೆ ದಾಟಿಸಿಬಿಡುತ್ತಾರೆ. 1971ರಲ್ಲಿ ಡಲ್ಲಾಸ್ ಶಾಲೆಗಳಲ್ಲಿ ಕರಿಯ–ಬಿಳಿಯ ಮಕ್ಕಳನ್ನು ಒಟ್ಟಿಗೆ ಕೂರಿಸಬೇಕು, ಅದಕ್ಕಾಗಿ ಬಸ್ಸಿನಲ್ಲಿ ಬೇರೆ ಶಾಲೆಗೆ ಕಳಿಸಬೇಕು ಎಂದು ಕೋರ್ಟ್ ಆದೇಶ ಕೊಟ್ಟಿತು. ಬಿಳಿಯ ಕುಟುಂಬಗಳು ಗಂಟು ಕಟ್ಟಿಕೊಂಡು ಉಪನಗರಗಳಿಗೆ ಹೊರಟವು. 1960ರಲ್ಲಿ 3,695 ಜನರಿದ್ದ ಪ್ಲೇನೋ 1970ಕ್ಕೆ 17,872 ಆಯಿತು, 1980ಕ್ಕೆ 72,331. ಕೆಲಸ, ರಸ್ತೆ, ಅಗ್ಗದ ಮನೆ ಎಲ್ಲ ನಿಜ. ಆದರೆ "ಒಳ್ಳೇ ಶಾಲೆ" ಅನ್ನೋ ಮಾತಿನ ಹಿಂದೆ ಆಗ ಏನಿತ್ತು ಅನ್ನೋದನ್ನು ಮರೆಯಬಾರದು.

ನಂತರ ಉದ್ಯಮಿ ರಾಸ್ ಪೆರೋ ಅವರ ಇಡಿಎಸ್ ಎಂಬ ಕಂಪ್ಯೂಟರ್ ಸೇವೆಯ ಕಂಪನಿ ಪ್ಲೇನೋದ ಪಶ್ಚಿಮಕ್ಕೆ ಎರಡು ಸಾವಿರ ಎಕರೆಗೂ ಮಿಕ್ಕಿ ಹೊಲ ಕೊಂಡು ಲೆಗಸಿ ಅನ್ನೋ ಕಚೇರಿಗಳ ಪಟ್ಟಣ ಕಟ್ಟಿತು. ಜೆಸಿ ಪೆನ್ನಿ ನ್ಯೂಯಾರ್ಕ್ ಬಿಟ್ಟು ಬಂತು, ಫ್ರಿಟೋ-ಲೇ ಬಂತು, 2017ರಲ್ಲಿ ಟೊಯೋಟಾ ಕ್ಯಾಲಿಫೋರ್ನಿಯಾದಿಂದ ತನ್ನ ಉತ್ತರ ಅಮೆರಿಕದ ಕೇಂದ್ರ ಕಚೇರಿ ತಂದಿತು. ಅಷ್ಟರಲ್ಲಿ ಪ್ಲೇನೋದಲ್ಲಿ ಖಾಲಿ ಜಾಗ ಮುಗಿಯುತ್ತಾ ಬಂದಿತ್ತು. ಡಲ್ಲಾಸ್ ನಾರ್ತ್ ಟೋಲ್‌ವೇ ಉತ್ತರಕ್ಕೆ ಚಾಚಿದ ಹಾಗೆ ಜನ ಫ್ರಿಸ್ಕೋಗೆ ಹರಿದರು. 1990ರಲ್ಲಿ ಫ್ರಿಸ್ಕೋದಲ್ಲಿ ಸುಮಾರು 6,100 ಜನ. 2000ಕ್ಕೆ 33,714. 2010ಕ್ಕೆ 1,16,989. 2020ಕ್ಕೆ 2,00,509. ಮೆಕಿನ್ನಿಯೂ ಅಷ್ಟೇ, ಮೂವತ್ತು ವರ್ಷದಲ್ಲಿ ಇಪ್ಪತ್ತೊಂದು ಸಾವಿರದಿಂದ 1,95,308ಕ್ಕೆ ಏರಿತು. 2020ರ ಹೊತ್ತಿಗೆ ಕೌಂಟಿ ಹತ್ತು ಲಕ್ಷ ದಾಟಿತು.

ಇನ್ನು ದುಡ್ಡಿನ ವಿಷಯ. ಈಗಿನ ಜಗಳಗಳ ಬೇರು ಇಲ್ಲಿದೆ.

ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಮಾರಾಟ ತೆರಿಗೆಯಲ್ಲಿ ರಾಜ್ಯಕ್ಕೆ ಶೇ. 6.25, ಸ್ಥಳೀಯರಿಗೆ ಹೆಚ್ಚೆಂದರೆ ಶೇ. 2. ಆ ಎರಡರಲ್ಲಿ ಒಂದು ಊರಿನ ಸಾಮಾನ್ಯ ಖರ್ಚಿಗೆ ಹೋಗುತ್ತದೆ. ಉಳಿದ ಒಂದನ್ನು ಏನು ಮಾಡಬೇಕು ಅನ್ನೋದೇ ಪ್ರಶ್ನೆ. 1983ರಲ್ಲಿ ಡಾರ್ಟ್ ಎಂಬ ಸಾರಿಗೆ ಸಂಸ್ಥೆ ಹುಟ್ಟಿದಾಗ ಪ್ಲೇನೋ ಆ ಶೇ. 1ನ್ನು, ಅಂದರೆ ಡಾಲರಿಗೆ ಒಂದು ಸೆಂಟನ್ನು, ಬಸ್ಸು, ರೈಲಿಗೆ ಕೊಟ್ಟಿತು. 2002ರ ಡಿಸೆಂಬರಿನಲ್ಲಿ ಪ್ಲೇನೋದ ಪಾರ್ಕರ್ ರೋಡ್‌ವರೆಗೆ ರೈಲು ಬಂತು. ಫ್ರಿಸ್ಕೋ, ಆಲೆನ್, ಮೆಕಿನ್ನಿ ಡಾರ್ಟ್ ಸೇರಲಿಲ್ಲ. ಅವು ಆ ಸೆಂಟನ್ನು ತಮ್ಮ ಆರ್ಥಿಕ ಅಭಿವೃದ್ಧಿ ನಿಗಮಗಳಿಗೆ ಹಾಕಿದವು. ಅಂದರೆ ಕಂಪನಿಗಳನ್ನು ಕರೆತರೋಕೆ, ಕ್ರೀಡಾಂಗಣ, ಪಾರ್ಕು ಕಟ್ಟೋಕೆ. ಫ್ರಿಸ್ಕೋಗೆ ಬೇಸ್‌ಬಾಲ್ ಬಂತು, ಸಾಕರ್ ಬಂತು, 2016ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಕೇಂದ್ರವೇ ಬಂತು, 2022ರಲ್ಲಿ ಗಾಲ್ಫ್ ಸಂಸ್ಥೆ ಪಿಜಿಎ ಬಂತು.

ಇದರ ಪರಿಣಾಮ ಕಣ್ಣಾರೆ ನೋಡಬೇಕಾದರೆ 121ನೇ ಹೆದ್ದಾರಿಗೆ ಹೋಗಿ. ಆ ರಸ್ತೆಯ ದಕ್ಷಿಣಕ್ಕೆ ಪ್ಲೇನೋ, ಉತ್ತರಕ್ಕೆ ಫ್ರಿಸ್ಕೋ. ಸ್ಟೋನ್‌ಬ್ರಯರ್ ಎಂಬ ದೊಡ್ಡ ಮಾಲ್ ಇರುವುದು ಉತ್ತರದ ಬದಿಯಲ್ಲಿ, ಗಡಿಗೆ ತಾಗಿಕೊಂಡೇ. 2000ದ ಆಗಸ್ಟಿನಲ್ಲಿ ಅದು ತೆರೆಯಿತು. ಪ್ಲೇನೋದವರು ರಸ್ತೆ ದಾಟಿ ಹೋಗಿ ಸಾಮಾನು ತಂದರೆ ತೆರಿಗೆ ಫ್ರಿಸ್ಕೋಗೆ. ಒಂದೇ ವರ್ಷ ಬಿಟ್ಟು, 2001ರ ಆಗಸ್ಟಿನಲ್ಲಿ, ಪ್ಲೇನೋದಲ್ಲಿ ವಿಲ್ಲೋ ಬೆಂಡ್ ಎಂಬ ಇನ್ನೊಂದು ದೊಡ್ಡ ಮಾಲ್ ತೆರೆಯಿತು. ಅದು ಎಂದೂ ಸರಿಯಾಗಿ ಕುದುರಲೇ ಇಲ್ಲ. ಎರಡು ಊರು ಕೂತು ಮಾತಾಡಿದ್ದರೆ ಅಷ್ಟು ಹತ್ತಿರ ಹತ್ತಿರ ಎರಡು ಮಾಲ್ ಏಳುತ್ತಿತ್ತಾ? ಆದರೆ ಕೂತು ಮಾತಾಡೋಕೆ ಇಬ್ಬರಿಗೂ ಕಾರಣ ಇರಲಿಲ್ಲ. ಪಕ್ಕದ ಊರಿಗೆ ಬಂದದ್ದು ತನಗೆ ತಪ್ಪಿದ್ದು, ಲೆಕ್ಕದ ರೀತಿಯೇ ಹಾಗಿದೆ.

ಈಗ ಪ್ಲೇನೋಗೆ ಆ ಒಂದು ಸೆಂಟು ಹೊಟ್ಟೆ ಉರಿಸುತ್ತಿದೆ. 2023ರಲ್ಲಿ ಪ್ಲೇನೋದಿಂದ ಡಾರ್ಟ್‌ಗೆ ಸುಮಾರು 11 ಕೋಟಿ ಡಾಲರ್ ಹೋಯಿತು, ಪ್ಲೇನೋಗಾಗಿ ಖರ್ಚಾದದ್ದು ಸುಮಾರು 4.4 ಕೋಟಿ ಅನ್ನೋ ಲೆಕ್ಕ ಹೊರಬಂದ ಮೇಲೆ ಜಗಳ ಜೋರಾಯಿತು. 2025ರ ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣದಿಂದ ಪ್ಲೇನೋಗೆ ಸಿಲ್ವರ್ ಲೈನ್ ಎಂಬ ಹೊಸ ರೈಲು ಶುರುವಾಯಿತು, 26 ಮೈಲಿ, ಸುಮಾರು 200 ಕೋಟಿ ಡಾಲರ್. ಅದಾಗಿ ಎರಡು ವಾರವೂ ಆಗಿರಲಿಲ್ಲ, ಡಾರ್ಟ್‌ನಿಂದ ಹೊರಬರಬೇಕೇ ಎಂದು ಜನರ ಮತ ಕೇಳಲು ಪ್ಲೇನೋ ಕೌನ್ಸಿಲ್, ಅಂದರೆ ನಗರಸಭೆ, ತೀರ್ಮಾನ ಮಾಡಿತು. ಕೌನ್ಸಿಲ್‌ನ ಸಿಟ್ಟು ನನಗೆ ಅರ್ಥವಾಗುತ್ತದೆ. ಪಕ್ಕದ ಊರುಗಳು ಅದೇ ದುಡ್ಡಿನಲ್ಲಿ ಕಂಪನಿಗಳನ್ನು ಸೆಳೆಯುತ್ತಿವೆ. ಆದರೆ ಆ ಲೆಕ್ಕವೇ ಅರೆಬರೆ. ಪ್ಲೇನೋದವನು ರೈಲು ಹತ್ತುವುದು ಡಲ್ಲಾಸ್‌ಗೆ ಹೋಗೋಕೆ, ಹಳಿಯ ಬಹುಪಾಲು ಇರುವುದು ಡಲ್ಲಾಸ್‌ನಲ್ಲೇ. ಊರಿನ ಗಡಿಯೊಳಗೆ ಎಷ್ಟು ಖರ್ಚಾಯಿತು ಅಂತ ರೈಲನ್ನು ತೂಗುವುದು ಸರಿಯಾದ ತಕ್ಕಡಿ ಅಲ್ಲ. ಕಾರು ಓಡಿಸಲಾಗದ ವಯಸ್ಸಾದವರು, ಅಂಗಡಿ, ಹೋಟೆಲ್ ಕೆಲಸಕ್ಕೆ ಬಸ್ಸಿನಲ್ಲಿ ಬರುವವರು, ಊರಿನಿಂದ ಮಗನ ಮನೆಗೆ ಬಂದು ಆರು ತಿಂಗಳು ಮನೆಯೊಳಗೇ ಕೂರುವ ನಮ್ಮ ಅಪ್ಪ ಅಮ್ಮಂದಿರು, ಇವರು ಯಾರೂ ಆ ಲೆಕ್ಕದಲ್ಲಿ ಕಾಣುವುದಿಲ್ಲ.

ನೀರಿಗೆ ಬನ್ನಿ. ಇಲ್ಲಿ ಕಥೆ ಬೇರೆ. 1951ರಲ್ಲಿ, ಇವೆಲ್ಲ ಇನ್ನೂ ಹಳ್ಳಿಗಳಾಗಿದ್ದಾಗ, ಹತ್ತು ಊರುಗಳು ಸೇರಿ ನಾರ್ತ್ ಟೆಕ್ಸಸ್ ಮುನಿಸಿಪಲ್ ವಾಟರ್ ಡಿಸ್ಟ್ರಿಕ್ಟ್ ಮಾಡಿಕೊಂಡವು. ಲೇಕ್ ಲವಾನ್ ಅಣೆಕಟ್ಟಿನ ನೀರು ಹಂಚಿಕೊಂಡವು. ಪ್ಲೇನೋ, ಮೆಕಿನ್ನಿ, ಪ್ರಿನ್ಸ್‌ಟನ್ ಆ ಹತ್ತರಲ್ಲಿದ್ದವು. ಆಲೆನ್, ಫ್ರಿಸ್ಕೋ ಸದಸ್ಯರಾಗಿದ್ದು ತುಂಬಾ ತಡವಾಗಿ. ಈಗ ಅದೇ ಸಂಸ್ಥೆ 20 ಲಕ್ಷಕ್ಕೂ ಜಾಸ್ತಿ ಜನರಿಗೆ ನೀರು ಕೊಡುತ್ತಿದೆ. ಈ ಬಯಲಿನ ಬೆಳವಣಿಗೆಗೆ ಒಂದೇ ಒಂದು ಅಡಿಗಲ್ಲು ತೋರಿಸಿ ಅಂದರೆ ನಾನು ಇದನ್ನೇ ತೋರಿಸುತ್ತೇನೆ, ಟೋಲ್‌ವೇಯನ್ನಲ್ಲ.

ಇದರಲ್ಲೂ ಜಗಳ ಆಯಿತು. 1988ರ ಒಪ್ಪಂದದ ಪ್ರಕಾರ, ಒಂದು ಊರು ಯಾವುದೋ ಒಂದು ವರ್ಷ ಅತಿ ಹೆಚ್ಚು ಬಳಸಿದ ನೀರು ಎಷ್ಟೋ, ಮುಂದೆ ಪ್ರತಿ ವರ್ಷ ಕನಿಷ್ಠ ಅಷ್ಟಕ್ಕೆ ದುಡ್ಡು ಕಟ್ಟಲೇಬೇಕು. ಪ್ಲೇನೋಗೆ ಆ ವರ್ಷ 2001. ಆಮೇಲೆ ಬರ ಬಂತು. ಟೆಕ್ಸೋಮಾ ಕೆರೆಯಲ್ಲಿ ಜೀಬ್ರಾ ಮಸಲ್ ಎಂಬ ಕಪ್ಪೆಚಿಪ್ಪು 2009ರಲ್ಲಿ ಕಾಣಿಸಿಕೊಂಡು ಅಲ್ಲಿಂದ ಬರುವ ನೀರು ಐದು ವರ್ಷ ನಿಂತಿತು. ಹುಲ್ಲಿಗೆ ನೀರು ಬಿಡಬೇಡಿ ಅಂದರು, ಜನ ಬಿಡಲಿಲ್ಲ, ಉಳಿಸಿದರು. ಬಿಲ್ಲು ಮಾತ್ರ ಇಳಿಯಲಿಲ್ಲ! ಹಳೇ ಊರುಗಳು ಉಳಿಸಿದ ನೀರು ಹೊಸ ಊರುಗಳಿಗೆ ಹರಿಯಿತು, ಹಣ ಕಟ್ಟಿದವರು ಹಳೇ ಊರಿನವರು. 2016ರಲ್ಲಿ ಪ್ಲೇನೋ, ರಿಚರ್ಡ್‌ಸನ್, ಗಾರ್ಲ್ಯಾಂಡ್, ಮೆಸ್ಕೀಟ್ ದೂರು ಕೊಟ್ಟವು. 2020ರಲ್ಲಿ ರಾಜಿಯಾಯಿತು, ಹಂತಹಂತವಾಗಿ ಸರಾಸರಿ ಬಳಕೆಯ ಲೆಕ್ಕಕ್ಕೆ ಬರೋಣ ಅಂತ. ನಾಲ್ಕು ವರ್ಷ ಗುದ್ದಾಡಿದರೂ ಯಾರೂ ಸಂಸ್ಥೆ ಬಿಟ್ಟು ಹೋಗಲಿಲ್ಲ, ಯಾಕೆಂದರೆ ಬಿಟ್ಟು ಹೋದರೆ ಕುಡಿಯಲು ನೀರಿಲ್ಲ. ನೀರಿನಲ್ಲಿ ಇದ್ದ ಆ ಹಂಗು ರೈಲಿನಲ್ಲಿ ಇಲ್ಲ.

ಆದರೆ ಈ ಹೊಂದಾಣಿಕೆಯ ಬೆಲೆಯನ್ನು ಹೊರಗಿನವರೂ ಕೊಡುತ್ತಿದ್ದಾರೆ. ಪಕ್ಕದ ಫ್ಯಾನಿನ್ ಕೌಂಟಿಯಲ್ಲಿ 16,000 ಎಕರೆಗೂ ಜಾಸ್ತಿ ನೆಲ ಮುಳುಗಿಸಿ ಬೋಡಾರ್ಕ್ ಜಲಾಶಯ ಕಟ್ಟಿದರು. 160 ಕೋಟಿ ಡಾಲರ್, ಟೆಕ್ಸಸ್‌ನಲ್ಲಿ ಸುಮಾರು ಮೂವತ್ತು ವರ್ಷಗಳಲ್ಲಿ ಮೊದಲ ದೊಡ್ಡ ಜಲಾಶಯ. 2023ರಿಂದ ಅದರ ನೀರು ಬರುತ್ತಿದೆ. ಅದೂ ಸಾಲದು ಅಂತ ಈಶಾನ್ಯ ಟೆಕ್ಸಸ್‌ನ ಸಲ್ಫರ್ ನದಿಗೆ ಮಾರ್ವಿನ್ ನಿಕಲ್ಸ್ ಜಲಾಶಯ ಕಟ್ಟುವ ಯೋಜನೆ ಇದೆ. ಸುಮಾರು 66,000 ಎಕರೆ, ಅಂದಾಜು 700 ಕೋಟಿ ಡಾಲರ್. ಅಲ್ಲಿನ ರೈತರು, ಕಾಡಿನ ಮರ ನಂಬಿ ಬದುಕುವವರು ದಶಕಗಳಿಂದ ಬೇಡ ಅನ್ನುತ್ತಿದ್ದಾರೆ. ಮುಳುಗಡೆ ಅಂದರೆ ಏನು ಅನ್ನೋದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಲೆಮಾರುಗಳ ಹೊಲ, ಮನೆ, ಸ್ಮಶಾನ ಮುಳುಗಿಸಿ ತಂದ ನೀರು ಇಲ್ಲಿ ಮನೆಮುಂದಿನ ಹುಲ್ಲಿಗೆ ಹೋಗುತ್ತದೆ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅಡಿಪಾಯಕ್ಕೆ ಬೇಕು, ಕುಡಿಯೋಕೆ ಬೇಕು, ಸರಿ. ನೀರು ಕೇಳುವ ಪರದೇಶಿ ಹುಲ್ಲಿನ ಬದಲು ಇದೇ ಮಣ್ಣಿನಲ್ಲಿ ಸಾವಿರಾರು ವರ್ಷ ತಾನಾಗಿ ಬೆಳೆದ ಹುಲ್ಲನ್ನು ಬಡಾವಣೆಗಳು ಒಪ್ಪಿಕೊಳ್ಳಬಹುದಲ್ವಾ?

ಶಾಲೆಗಳ ವಿಷಯಕ್ಕೆ ಬಂದರೆ, ಅಲೆ ಹೇಗೆ ಚಲಿಸುತ್ತದೆ ಅನ್ನೋದು ಅಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಪ್ಲೇನೋ ಶಾಲಾ ಜಿಲ್ಲೆಯಲ್ಲಿ 2010ರ ದಶಕದ ಶುರುವಿನಲ್ಲಿ 55,000ಕ್ಕೂ ಜಾಸ್ತಿ ಮಕ್ಕಳಿದ್ದರು, ಈಗ 48,000ದ ಆಸುಪಾಸು. ಮಕ್ಕಳು ದೊಡ್ಡವರಾಗಿ ಹೋದರು, ಅಪ್ಪ ಅಮ್ಮ ಅದೇ ಮನೆಯಲ್ಲಿದ್ದಾರೆ. ಎಳೆ ಮಕ್ಕಳಿರುವವರಿಗೆ ಆ ಮನೆ ಕೊಳ್ಳುವ ಶಕ್ತಿ ಇಲ್ಲ, ಅವರು ಪ್ರಿನ್ಸ್‌ಟನ್‌ಗೋ ಸೆಲೈನಾಗೋ ಹೋಗುತ್ತಾರೆ. ಆಲೆನ್ 2023ರಲ್ಲೇ ಎರಡು ಪ್ರಾಥಮಿಕ ಶಾಲೆ ಮುಚ್ಚಿತು. ವರ್ಷಕ್ಕೆ ಮೂರು ನಾಲ್ಕು ಶಾಲೆ ತೆರೆದ ಕಾಲವನ್ನೂ ಕಂಡ ಫ್ರಿಸ್ಕೋ ಕೂಡ 2025ರಲ್ಲಿ ಹಳೇ ಊರಿನ ಸ್ಟೇಲಿ ಮಿಡಲ್ ಸ್ಕೂಲ್ ಮುಚ್ಚಿತು. ಕೆಲವೇ ಮೈಲಿ ಆಚೆ ಪ್ರಾಸ್ಪರ್, ಸೆಲೈನಾ ಸಾಲ ಮಾಡಿ ಹೊಸ ಕಟ್ಟಡ ಏಳಿಸುತ್ತಿವೆ. ಖಾಲಿ ತರಗತಿಯೂ ತುಂಬಿ ತುಳುಕುವ ತರಗತಿಯೂ ಒಂದೇ ಕೌಂಟಿಯಲ್ಲಿ, ನಡುವೆ ಶಾಲಾ ಜಿಲ್ಲೆಯ ಗಡಿ. ಪ್ಲೇನೋ ಇಂದು ಇರುವ ಜಾಗಕ್ಕೆ ಫ್ರಿಸ್ಕೋ ಬರೋಕೆ ಇನ್ನು ಹೆಚ್ಚು ವರ್ಷ ಬೇಕಾಗಿಲ್ಲ ಅಂತ ನನ್ನ ಅಂದಾಜು.

ನಮ್ಮವರು ಈ ಅಲೆಯ ಜೊತೆಗೇ ಬಂದವರು. ಮೊದಲು ಟೆಲಿಕಾಂ, ಆಮೇಲೆ ಬ್ಯಾಂಕು, ಸಾಫ್ಟ್‌ವೇರ್. 2020ರ ಜನಗಣತಿಯಲ್ಲಿ ಫ್ರಿಸ್ಕೋದ ನಾಲ್ವರಲ್ಲಿ ಒಬ್ಬರು ಏಷ್ಯಾ ಮೂಲದವರು, ಅದರಲ್ಲಿ ಭಾರತೀಯರೇ ಜಾಸ್ತಿ. ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನದಲ್ಲಿ ಶನಿವಾರ ಕಾರು ನಿಲ್ಲಿಸಲು ಜಾಗ ಹುಡುಕಬೇಕು. ಇತ್ತೀಚೆಗೆ ಇದೇ ಫ್ರಿಸ್ಕೋದ ಕೌನ್ಸಿಲ್ ಸಭೆಯಲ್ಲಿ ಭಾರತೀಯರು ಊರನ್ನೇ ಆಕ್ರಮಿಸುತ್ತಿದ್ದಾರೆ ಅಂತ ಮಾತಾಡಿದವರಿದ್ದಾರೆ. ಕೇಳಿದರೆ ಬೇಜಾರಾಗುತ್ತದೆ. ಕೆಂಟಕಿಯವರು, ಲೆಬನಾನ್‌ನವರು, ಡಲ್ಲಾಸ್ ಬಿಟ್ಟವರು, ಕ್ಯಾಲಿಫೋರ್ನಿಯಾ ಬಿಟ್ಟವರು, ಹೀಗೆ ಬೇರೆಡೆಯಿಂದ ಬಂದವರೇ ಕಟ್ಟಿದ ಊರು ಇದು. ಹಾಗಂತ ನಾವು ಸುಮ್ನೆ ಮನೆ ಬೆಲೆ ನೋಡುತ್ತಾ ಕೂತರೂ ಆಗದು. ಕೌನ್ಸಿಲ್ ಚುನಾವಣೆ, ಶಾಲಾ ಮಂಡಳಿ ಚುನಾವಣೆಗೆ ಇಲ್ಲಿ ಓಟು ಹಾಕುವವರು ತುಂಬಾ ಕಮ್ಮಿ. ಪೌರತ್ವ ಬಂದವರಾದರೂ ಹೋಗಿ ಹಾಕಬೇಕು, ಅಂಥ ಸಭೆಗಳಲ್ಲಿ ಎದ್ದು ನಿಂತು ಮಾತಾಡಬೇಕು.

ಮಾತಾಡಬೇಕಾದ ವಿಷಯವೂ ಸಿದ್ಧವಾಗಿದೆ. ಟೋಲ್‌ವೇ ಈಗ ಸೆಲೈನಾ ಕಡೆಗೆ ಉದ್ದವಾಗುತ್ತಿದೆ. ಕೌಂಟಿ ದಾಟಿ ಶೆರ್ಮನ್‌ನಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ದೊಡ್ಡ ಚಿಪ್ ಕಾರ್ಖಾನೆಗಳು ಏಳುತ್ತಿವೆ, ಅಲೆ ಅಲ್ಲಿಗೂ ಮುಟ್ಟಿದೆ. 1902ರಲ್ಲಿ ಹಾಕಿದ ಫ್ರಿಸ್ಕೋ ಹಳಿ ಇಂದಿಗೂ ಫ್ರಿಸ್ಕೋ, ಪ್ರಾಸ್ಪರ್, ಸೆಲೈನಾ ಊರುಗಳ ನಡುವೆಯೇ ಹಾದುಹೋಗುತ್ತದೆ, ಗೂಡ್ಸ್ ಗಾಡಿಗಳು ಓಡುತ್ತಿವೆ. ಅದೇ ದಾರಿಯಲ್ಲಿ ಪ್ರಯಾಣಿಕರ ರೈಲು ಓಡಿಸುವ ಯೋಚನೆ ಪ್ರಾದೇಶಿಕ ಸಾರಿಗೆ ಯೋಜನೆಯಲ್ಲಿ ಬಹಳ ಕಾಲದಿಂದ ಇದೆ. ಅದಕ್ಕೆ ಬೇಕಾದ ದುಡ್ಡನ್ನು ಯಾವ ಊರು, ತನ್ನ ಯಾವ ಸೆಂಟಿನಿಂದ ಕೊಡುತ್ತದೆ ಅನ್ನೋದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.